ಒಣ ಟನ್ನಿನ ಲೆಕ್ಕ

ಇಡೀ ಕಡಬದಲ್ಲಿ ಟನ್ನಿನ ಲೆಕ್ಕ ಗೊತ್ತಿರುವವನು ನಾನೊಬ್ಬನೇ ಎಂಬ ಜಂಬ ನನಗಿತ್ತು. ಬಿಳಿ ಮಣ್ಣಿನ ಗಣಿಯೊಂದರಲ್ಲಿ ನಾನು ರೈಟರ್, ಅಂದರೆ ಗುಮಾಸ್ತ. ಗುಡ್ಡದ ಮೇಲೆ ಅಗೆದು ರಾಶಿ ಹಾಕಿದ ಮಣ್ಣನ್ನು ಹೆಂಗಸರು ತಲೆಹೊರೆಯಲ್ಲಿ ಇಳಿಸಿ ಲಾರಿಗೆ ತುಂಬುತ್ತಿದ್ದರು. ಬುಟ್ಟಿಗೆ ಮೂವತ್ತೈದು ಪೌಂಡು, ಟನ್ನಿಗೆ ಅರುವತ್ತನಾಲ್ಕು ಬುಟ್ಟಿ. ನಾಲ್ವರ ಗುಂಪು ಎರಡು ಟನ್ನು ಹೊತ್ತರೆ ಆ ದಿನದ ಕೆಲಸ ಮುಗಿಯಿತು, ಸೀದಾ ಮನೆಗೆ.

ಸಾವಿರದ ಒಂಬೈನೂರ ಅರುವತ್ತರ ಸುಮಾರಿಗೆ ಪೌಂಡು ಹೋಗಿ ಕಿಲೋ ಬಂತು. ಹೊಸ ಟನ್ನು ಸಾವಿರ ಕಿಲೋ, ಹಳೆಯದಕ್ಕಿಂತ ಒಂದು ಬುಟ್ಟಿ ಕಡಿಮೆ. ನಾನೇ ಕಡಿಮೆ ಮಾಡಿಸಿದವನ ಹಾಗೆ ಹೆಂಗಸರ ಮುಂದೆ ಎದೆಯುಬ್ಬಿಸಿ, "ಇನ್ನು ಅರುವತ್ತಮೂರು ಹೊತ್ತರೆ ಸಾಕು" ಅಂದೆ.

ಗುಂಪಿನ ಹಿರಿಯಕ್ಕ ಅರುವತ್ತಮೂರು ಎಣಿಸಿ, ಮತ್ತೊಂದು ಬುಟ್ಟಿ ತಂದು ಸುರಿದಳು.

"ಇದೆಂತಕ್ಕೆ?"

"ಕೊಸರು. ಅಳತೆ ಮುಗಿದ ಮೇಲೆ ಚೂರು ಹೆಚ್ಚು ಹಾಕದೆ ಇರುದುಂಟಾ ರೈಟ್ರೆ?"

ಸರಕಾರ ಇಳಿಸಿದ ಬುಟ್ಟಿಯನ್ನು ಅವಳು ಪುನಃ ಏರಿಸಿದಳು. ನನಗೆ ಸಿಟ್ಟು ಬಂತು, ಆದರೆ ಧರ್ಮಕ್ಕೆ ಕೊಡುವವಳನ್ನು ಬೈಯುವುದು ಹೇಗೆ?

ಮಳೆಗಾಲದಲ್ಲಿ ಮಣ್ಣು ಕೊಳ್ಳುವ ಕಾರ್ಖಾನೆಯಿಂದ ಪತ್ರ ಬಂತು. ನೀರಿನ ತೂಕ ಕಳೆದು ಉಳಿಯುವ ಒಣ ಟನ್ನು ಮಾತ್ರ ಲೆಕ್ಕಕ್ಕಂತೆ. ಮಣ್ಣಿನಲ್ಲಿ ಐದರಲ್ಲೊಂದು ಪಾಲು ನೀರು. ಯಾರೂ ಕೇಳದೆಯೇ ನಾನು ಕಿವಿಯಿಂದ ಪೆನ್ಸಿಲು ತೆಗೆದು, "ಹಾಗಾದರೆ ಟನ್ನಿಗೆ ಎಪ್ಪತ್ತೊಂಬತ್ತು ಬುಟ್ಟಿ" ಅಂದೆ.

"ಹಾಗೇ ಹೊರಿಸು" ಅಂದರು ಗಣಿಯ ಧಣಿಗಳು. ಹೆಂಗಸರು ಇನ್ನು ಮನೆ ಸೇರುವುದು ಕತ್ತಲಾದ ಮೇಲೆ ಎಂದು ಆಗ ಹೊಳೆದು ನಾಚಿಕೆಯಾಯಿತು.

ಹಿರಿಯಕ್ಕ ಎಲ್ಲವನ್ನೂ ಕೇಳಿ ಬುಟ್ಟಿ ಕೆಳಗಿಟ್ಟಳು.

"ಒಣ ಮಣ್ಣೇ ಬೇಕಾದ್ದಾ ಧಣಿಗಳೇ?"

"ಹೌದು."

"ಹಾಗಾದ್ರೆ ಒಣಗ್ಲಿ. ಅಡಿಕೆಗೆ ನಲುವತ್ತು ಬಿಸಿಲು ಬೇಕು, ಇದಕ್ಕೆ ಅಷ್ಟು ಬೇಡ. ಆಮೇಲೆ ಹೊರ್ತೇವೆ."

ಸುರಿಯುವ ಮಳೆಯಲ್ಲಿ ಓಲೆಯ ಗೊರಬು ಹೊದ್ದು ರಾಶಿಯ ಪಕ್ಕ ಕುಳಿತೇಬಿಟ್ಟಳು. ಉಳಿದವರೂ ಕುಳಿತು ವೀಳ್ಯದೆಲೆ ಬಿಚ್ಚಿದರು. ಕೆಳಗೆ ಖಾಲಿ ಲಾರಿ ಹಾರನ್ ಹೊಡೆಯುತ್ತಿತ್ತು. ಧಣಿಗಳು ಆಕಾಶ ನೋಡಿದರು, ಲಾರಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅವರಿಗೆ ಅರುವತ್ತಮೂರೇ ಬರಿ ಮಾರಾಯ."

"ಉಳಿದ ಹದಿನಾರು ಬುಟ್ಟಿ?"

"ಲೆಕ್ಕ ಮಾಡಿದ್ದು ನೀನಲ್ಲವಾ? ನೀನೇ ಹೊರು."

ಆ ದಿನ ಹೆಂಗಸರೆಲ್ಲ ಹೊತ್ತಿಗೆ ಸರಿಯಾಗಿ ಮನೆಗೆ ಹೋದರು. ನಾನು ಹೋಗುವಾಗ ಕತ್ತಲಾಗಿತ್ತು.