ಕುಂಜಿಲಬೆಟ್ಟು ಕಂಬಳದ ಕುದುರೆ

ಶೀನ ಪೂಜಾರಿ ತೀರಿಕೊಂಡ ದಿನ ಕಾಪುವಿನ ಆಸುಪಾಸಿನಲ್ಲಿ ಒಂದು ಮೈಕೂ ಕೂಗಲಿಲ್ಲ. ಇದ್ದ ಮೈಕುಗಳೆಲ್ಲ ಅವನ ಅಂಗಡಿಯವೇ.

ಮದುವೆಗೆ, ಭೂತದ ಕೋಲಕ್ಕೆ, ಇಗರ್ಜಿಯ ಹಬ್ಬಕ್ಕೆ ಮೈಕ್ ಕಟ್ಟಿಕೊಟ್ಟು ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದವನು ಕುಂಜಿಲಬೆಟ್ಟು ಕಂಬಳದಲ್ಲಿ ಮಾತ್ರ ಮೈಕನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಅಲ್ಲಿ ಮಾತೆಲ್ಲ ಅವನದೇ.

ಅದು ಚಿಕ್ಕ ಕಂಬಳ. ಫ್ಲಡ್‌ಲೈಟ್ ಇಲ್ಲ, ಬಹುಮಾನವಿಲ್ಲ. ಊರಿನ ಹಿರಿಮನೆಯಾದ ಗುತ್ತಿನ ಮನೆಯ ಗದ್ದೆಯಲ್ಲಿ ಕೋಣಗಳು ಓಡಲು ಇರುವುದು ಕೆಸರಿನ ಒಂದೇ ಕರೆ. ಒಂದು ಜೋಡಿ ಓಡಿದ ಮೇಲೆ ಇನ್ನೊಂದು. ಗೆದ್ದದ್ದು ಯಾರೆಂದು ಕೇಳಿದರೆ ಶೀನ, "ಬೀಳದವರು" ಎನ್ನುತ್ತಿದ್ದ. ಆದರೂ ಕಾರ್ಕಳದ ದೊಡ್ಡ ಕಂಬಳ ನೋಡಿದವರು, ಮಣಿಪಾಲದ ವಿದ್ಯಾರ್ಥಿಗಳು, ಕ್ಯಾಮೆರಾ ಹೊತ್ತ ವಿದೇಶಿಯರು ಹುಡುಕಿಕೊಂಡು ಬರುತ್ತಿದ್ದರು. ಅವರು ಬರುತ್ತಿದ್ದದ್ದು ಒಂದು ಕುದುರೆಗಾಗಿ.

ಕರೆಯ ನಡುವೆ ಒಂದು ಗುಂಡಿಯಿತ್ತು. ಬ್ರಿಟಿಷರ ಕಾಲದಲ್ಲಿ ಕಲ್ಯಾಣಪುರದ ಕಡೆಯಿಂದ ಒಬ್ಬ ದೊರೆ ಕುದುರೆ ಏರಿ ಬಂದು ಕೋಣಗಳ ಜೊತೆ ಪಂದ್ಯಕ್ಕಿಳಿದನಂತೆ. ಕೋಣಗಳು ಆ ತುದಿ ಮುಟ್ಟುವಾಗ ಕುದುರೆ ಹೊಟ್ಟೆಯವರೆಗೆ ಹೂತಿತ್ತಂತೆ. "ದೊರೆ ನಡೆದುಕೊಂಡು ಹೋದ. ಕುದುರೆ?" ಎಂದು ಶೀನ ಒಂದು ಉಸಿರು ನಿಲ್ಲಿಸುತ್ತಿದ್ದ. "ಕುದುರೆ ಇವತ್ತಿಗೂ ಇಲ್ಲೇ ಉಂಟು!" ಜನ ಕೆಸರನ್ನೇ ದಿಟ್ಟಿಸಿ ನೋಡಿ ಫೋಟೋ ತೆಗೆದುಕೊಳ್ಳುತ್ತಿದ್ದರು.

ನಿಜ ಗೊತ್ತಿದ್ದದ್ದು ಅವನ ಹೆಂಡತಿ ಮೋಹಿನಿಗೆ, ಗೆಳೆಯ ಸ್ಟೀವನ್‌ಗೆ. ಒಂದು ಮಳೆಗಾಲದಲ್ಲಿ ಎರಡು ಲೌಡ್‌ಸ್ಪೀಕರ್ ಕಟ್ಟಿಕೊಂಡು ಗದ್ದೆಯ ಮಧ್ಯೆ ಅಡ್ಡದಾರಿ ಹಿಡಿದಿದ್ದ ಶೀನನ ಮೊಪೆಡ್ ಅಲ್ಲಿ ಹೂತಿತ್ತು. ಹಗ್ಗ ಕಟ್ಟಿ ಎಳೆದವನು ಸ್ಟೀವನ್. ಗುಂಡಿ ಆದದ್ದು ಆಗ.

"ಹೋದ ವರ್ಷ ಬಿಳಿ ಕುದುರೆ, ಈ ವರ್ಷ ಕೆಂಪು. ಎಂತ ಕಥೆ ನಿನ್ನದು?" ಎಂದು ಸ್ಟೀವನ್ ಒಮ್ಮೆ ಕೆಣಕಿದ್ದ.

"ಕೆಸರಿನ ಒಳಗಿನ ಕುದುರೆಗೆ ಎಂತ ಬಣ್ಣ ಮಾರಾಯ? ತೊಳೆದು ನೋಡಿದವರು ಯಾರು?"

ಹೋದ ವರ್ಷ ಕಂಬಳ ಹತ್ತಿರ ಬಂದಾಗ ಗುತ್ತಿನ ಕೋಣಗಳು ಅಭ್ಯಾಸದಲ್ಲಿ ಆ ಗುಂಡಿಯಲ್ಲೇ ಮುಗ್ಗರಿಸಿದವು. ಕಂಬಳ ಸಮಿತಿಯ ಕಾರ್ಯದರ್ಶಿ ಸುಕೇಶ್ ಆ ಕಥೆ ಕೇಳಿಯೇ ದೊಡ್ಡವನಾದವನು. ಹೆದರಿ ಪುರೋಹಿತ ರಾಮದಾಸ ಭಟ್ಟರನ್ನು ಕರೆತಂದ. ಭಟ್ಟರು, "ಅಲ್ಲಿ ಪ್ರಾಣಿ ಸತ್ತದ್ದು ಹೌದಾದರೆ ಶಾಂತಿ ಆಗಬೇಕು. ಅಲ್ಲಿಯವರೆಗೆ ಕೋಣ ಇಳಿಸುವುದು ಬೇಡ" ಎಂದರು. ಶಾಂತಿಗೆ ಒಳ್ಳೆಯ ದಿನ ಹುಡುಕುವಾಗ ಕಂಬಳದ ಕಾಲವೇ ಮುಗಿಯುತ್ತಿತ್ತು.

ಶೀನನ ಎದೆ ಆಗಲೇ ಕೆಟ್ಟಿತ್ತು. ಡಾಕ್ಟರು ಮುಂದಿನ ವರ್ಷದ ಮಾತೇ ಎತ್ತಿರಲಿಲ್ಲ. ಈ ಕಂಬಳ ತಪ್ಪಿದರೆ ತನಗೆ ಇನ್ನೊಂದು ಸಿಗದೆಂದು ಅವನಿಗೆ ಗೊತ್ತಿತ್ತು.

"ಮೊಪೆಡ್ ಅಂತ ಹೇಳಿಬಿಡಿ," ಎಂದಳು ಮೋಹಿನಿ.

"ಮೊಪೆಡ್ ಹೂತ ಗುಂಡಿ ನೋಡಲು ಮಣಿಪಾಲದಿಂದ ಯಾರು ಬರುತ್ತಾರೆ ಮಾರಾಯ್ತಿ?"

ಗುತ್ತಿನ ಚಾವಡಿಯಲ್ಲಿ ಸಭೆ ಸೇರಿತು. ಶೀನ ಎದ್ದು ನಿಂತು, ಅಭ್ಯಾಸಬಲದಿಂದ ಇಲ್ಲದ ಮೈಕನ್ನು ಬೆರಳಿನಿಂದ ತಟ್ಟಿದ.

"ಕಥೆ ಪೂರ್ತಿ ಹೇಳಲು ನೀವು ನನ್ನನ್ನು ಯಾವಾಗ ಬಿಟ್ಟಿದ್ದೀರಿ? ಅರ್ಧಕ್ಕೆ ಬರುವಾಗ ಕೋಣ ಓಡಿ ಬರುತ್ತದೆ, ನಾನು ಅದರ ಹೆಸರು ಹೇಳಬೇಕು. ದೊರೆ ಹೋದ ಮೇಲೆ ಇದೇ ಗುತ್ತಿನ ಕೋಣಗಳಿಗೆ ಹಗ್ಗ ಕಟ್ಟಿ ಕುದುರೆಯನ್ನು ಎಳೆದು ತೆಗೆದಿದ್ದಾರೆ!"

"ಹಗ್ಗ ಕಟ್ಟಿದ್ದು ಯಾರು ಶೀನಣ್ಣ?" ಎಂದ ಸುಕೇಶ್.

ಶೀನ ಸುತ್ತಲೂ ನೋಡಿದ. "ಇವನ ಅಜ್ಜ!" ಎಂದು ಸ್ಟೀವನ್‌ನ ಕಡೆಗೆ ಕೈ ತೋರಿಸಿದ.

ಸ್ಟೀವನ್‌ನ ಅಜ್ಜ ಉದ್ಯಾವರದಲ್ಲಿ ಬೇಕರಿ ಇಟ್ಟವರು. ಬ್ರೆಡ್ಡಿನ ಹಿಟ್ಟು ಬಿಟ್ಟು ಬೇರೇನನ್ನೂ ಎಳೆದವರಲ್ಲ. "ಹೌದು," ಎಂದ ಸ್ಟೀವನ್. "ಅಜ್ಜ ಹೇಳುತ್ತಿದ್ದರು. ತುಂಬ ಭಾರ ಇತ್ತಂತೆ."

"ಹಾಗಾದರೆ ಕುದುರೆ ಇಲ್ಲಿ ಸತ್ತಿಲ್ಲ," ಎಂದರು ಭಟ್ಟರು.

"ಎಲ್ಲಿಯ ಸಾವು ಭಟ್ರೇ! ಕಲ್ಯಾಣಪುರಕ್ಕೆ ನಡೆದುಕೊಂಡೇ ಹೋಗಿದೆ. ಮುದಿಯಾಗಿ ಅಲ್ಲಿ ಸತ್ತದ್ದು."

ಭಟ್ಟರು ಕೊಡೆ ಎತ್ತಿಕೊಂಡರು. "ಮತ್ತೆ ಶಾಂತಿ ಕಲ್ಯಾಣಪುರದವರು ಮಾಡಿಕೊಳ್ಳಲಿ. ನೀವು ಆ ಗುಂಡಿಗೆ ಸ್ವಲ್ಪ ಮಣ್ಣು ಹಾಕಿ."

ಗುಂಡಿ ಮುಚ್ಚಿತು. ಜಾಗ ಮರೆಯಬಾರದೆಂದು ಶೀನ ಬದುವಿನ ಮೇಲೆ ಕೆಂಪು ಬಾವುಟ ನೆಟ್ಟ. ಕಂಬಳದ ದಿನ ಕುರ್ಚಿಯಲ್ಲಿ ಕುಳಿತೇ, ನಡುನಡುವೆ ಉಸಿರಿಗೆ ನಿಂತು, ಕುದುರೆಯನ್ನು ಕೆಸರಿನಿಂದ ಹೊರಗೆ ತಂದ. ಜನ ಚಪ್ಪಾಳೆ ತಟ್ಟಿದರು. ಮುಂಗಾರು ಬರುವ ಮೊದಲೇ ಅವನು ಹೋದ.

ಈ ವರ್ಷ ಸುಕೇಶ್ ಮೈಕನ್ನು ಸ್ಟೀವನ್‌ನ ಕೈಗಿಟ್ಟ. ಇಗರ್ಜಿಯಲ್ಲೂ ಎದ್ದು ಬೈಬಲ್ ಓದದ ಮನುಷ್ಯ ಹೇಗೋ ದೊರೆಯನ್ನು ಕರೆತಂದ, ಕುದುರೆಯನ್ನು ಹೂತ. ಮಣಿಪಾಲದ ಹುಡುಗಿಯೊಬ್ಬಳು ಬಣ್ಣ ಯಾವುದೆಂದು ಕೇಳಿದಳು. ಹೆಂಗಸರ ಸಾಲಿನಿಂದ ಮೋಹಿನಿ, "ಕಪ್ಪು! ಇವರು ಯಾವಾಗಲೂ ಹೇಳುತ್ತಿದ್ದದ್ದು ಕಪ್ಪು ಅಂತಲೇ!" ಎಂದು ಕೂಗಿದಳು. ಶೀನ ಒಮ್ಮೆಯೂ ಕಪ್ಪು ಎಂದಿರಲಿಲ್ಲ.

"ಹಗ್ಗ ಕಟ್ಟಿದ್ದು ನನ್ನ ಅಜ್ಜ," ಎಂದ ಸ್ಟೀವನ್. ಸೊಂಟದವರೆಗೆ ಕೆಸರು ಮೆತ್ತಿಕೊಂಡು, ಎರಡೂ ಕಂಕುಳಲ್ಲಿ ಲೌಡ್‌ಸ್ಪೀಕರ್ ಹಿಡಿದು, "ಎಳೆ ಮಾರಾಯ" ಎಂದು ನಗುತ್ತಿದ್ದ ಶೀನ ಕಣ್ಣೆದುರು ಬಂದ. ಮಾತು ನಿಂತಿತು. ಜನ ಕಾದರು.

ಕೆಳಗಿನಿಂದ ಸುಕೇಶ್ ಗಾಬರಿಯಿಂದ ಕೈ ಬೀಸಿದ. "ಸ್ಟೀವಣ್ಣ, ಕುದುರೆ ಇನ್ನೂ ಒಳಗೇ ಉಂಟು! ಬೇಗ ತೆಗೆಯಿರಿ, ಕೋಣ ಬಿಡುತ್ತಿದ್ದಾರೆ!"

ಸ್ಟೀವನ್ ತೋಳಿನಿಂದ ಮುಖ ಒರೆಸಿಕೊಂಡ. ಮೈಕನ್ನು ಹಗ್ಗದ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಎಳೆಯತೊಡಗಿದ.