ಹದಿನೇಳನೆಯ ಸಾಲು

ಇಲ್ಲದ ಕಂಪ್ಯೂಟರನ್ನು ಇರುವ ಕಂಪ್ಯೂಟರಿನಲ್ಲಿ ಓಡಿಸುವುದು ಆಗ ನನ್ನ ಕೆಲಸವಾಗಿತ್ತು. ಕ್ವಾಂಟಮ್ ಕಂಪ್ಯೂಟರ್ ನಮ್ಮ ಕೈಗೆ ಸಿಗುವ ವಸ್ತುವಲ್ಲ. ಅದು ಇದ್ದಿದ್ದರೆ ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರನ್ನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಚೇರಿಯಲ್ಲಿ ನಾವು ಮೂವರು ಬರೆಯುತ್ತಿದ್ದೆವು. ನನ್ನ ಮನೆ ಓನರಮ್ಮನಿಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೆ. "ಅಂಗಾರೆ ಆ ಮಿಸನ್ನು ಬರೋಗಂಟ ಸುಮ್ಕಿರಬಾರ್ದಾ ಕಣವ್ವ?" ಎಂದಿದ್ದರು. ಒಂದು ಕಾಲದ ಅವರ ರಾಗಿ ಹೊಲದಲ್ಲಿ ಎದ್ದ ಕಟ್ಟಡದ ಮೂರನೇ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ.

ನಮ್ಮಲ್ಲೊಂದು ಪದ್ಧತಿ ಇತ್ತು. ಸೂಪರ್‌ಕಂಪ್ಯೂಟರಿಗೆ ಕೆಲಸ ಕಳಿಸುವ ಮುಂಚೆ, ಏನೇನು ಮಾಡಬೇಕೆಂದು ಬರೆದ ಫೈಲನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡದೆ ಕೇಳಬೇಕು. ಶುರು ಮಾಡಿದವಳು ಪಕ್ಕದ ಕುರ್ಚಿಯ ಗೆಳತಿ. ಕಣ್ಣು ಮುಚ್ಚಿಕೊಂಡು, ಖಾರಾಪುರಿ ಮೆಲ್ಲುತ್ತಾ ಕೇಳುತ್ತಿದ್ದಳು. ಎಲ್ಲಾದರೂ ಎಡವಟ್ಟಿದ್ದರೆ "ತಡಿ" ಎನ್ನುತ್ತಿದ್ದಳು. ಪುರಾಣ ಶುರುವಾಯಿತು ಎಂದು ಸುತ್ತಲಿನವರು ಗೇಲಿ ಮಾಡುತ್ತಿದ್ದರು.

ಮೂವರಲ್ಲಿ ಒಬ್ಬರನ್ನು ಬೇರೆ ಪ್ರಾಜೆಕ್ಟಿಗೆ ಎಳೆದುಕೊಂಡರು. ಆಮೇಲೆ ಗೆಳತಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್‌ಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ ಹಿಡಿದಳು. ಬಾಗಲಗುಂಟೆಯ ಮನೆಯಿಂದ ದಿನಾ ಊರಿನ ಆ ತುದಿಯಿಂದ ಈ ತುದಿಗೆ ಬಸ್ಸಿನಲ್ಲಿ ಬರುತ್ತಿದ್ದವಳಿಗೆ ಪೀಣ್ಯ ಮನೆಯ ಹತ್ತಿರವೇ ಇತ್ತು, ಅವಳದು ತಪ್ಪೇನೂ ಇರಲಿಲ್ಲ. ಆದರೂ ನನಗೆ ಕೆಟ್ಟ ಸಿಟ್ಟು ಬಂತು. ಹೋಗುವ ದಿನ, "ಕಳಿಸೋ ಮುಂಚೆ ಫೋನ್ ಮಾಡೇ, ಕೇಳಿಸ್ಕೋತೀನಿ" ಎಂದಳು. "ನೋಡೋಣ" ಎಂದು ಮುಖ ತಿರುಗಿಸಿದೆ. ಮುಂದೆ ಅವಳೇ ಫೋನ್ ಮಾಡಿದಾಗಲೆಲ್ಲ ಮೀಟಿಂಗಿನಲ್ಲಿದ್ದೇನೆ ಎಂದೆ. ನನ್ನ ಜೊತೆ ಮೀಟಿಂಗ್ ಮಾಡಲು ಆ ಮೂಲೆಯಲ್ಲಿ ಯಾರೂ ಉಳಿದಿರಲಿಲ್ಲ. ಎಷ್ಟೋ ಸಂಜೆ ಅಂಗಡಿಯಲ್ಲಿ "ಅಣ್ಣ, ಅರ್ಧ ಲೀಟರ್ ಹಾಲು" ಎನ್ನುವಾಗ ಗಂಟಲು ಕಟ್ಟಿರುತ್ತಿತ್ತು. ಅವತ್ತಿನ ಮೊದಲ ಮಾತು ಅದೇ ಆಗಿರುತ್ತಿತ್ತು.

ಹೀಗಿರುವಾಗ ಮ್ಯಾನೇಜರ್ ಕರೆದರು. "ಒಂದು ಭಾನುವಾರ ಪೂರ್ತಿ ಸೂಪರ್‌ಕಂಪ್ಯೂಟರ್ ನಮಗೆ ಕೊಡ್ತಾರೆ. ಒಳ್ಳೇ ರಿಸಲ್ಟ್ ಬಂದ್ರೆ ಪ್ರಾಜೆಕ್ಟ್ ಉಳಿಯುತ್ತೆ. ಇಲ್ಲಾಂದ್ರೆ ಮುಚ್ಚಿಬಿಡ್ತಾರೆ."

ಕ್ವಾಂಟಮ್ ಕಂಪ್ಯೂಟರ್ ನಡುನಡುವೆ ತಪ್ಪು ಮಾಡುತ್ತದೆ. ಯಾವ ತಪ್ಪು ಎಲ್ಲಿ ಆಗಬೇಕೆಂದು ನಮ್ಮ ಸಾಫ್ಟ್‌ವೇರ್ ಚೌಕಾಬಾರದ ಕವಡೆ ಹಾಕಿದಂತೆ ಹಾಕಿ ನೋಡುತ್ತಿತ್ತು. ಒಂದೇ ಲೆಕ್ಕವನ್ನು ಹತ್ತು ಸಲ ಓಡಿಸಿ, ಹತ್ತು ಬಗೆಯ ತಪ್ಪುಗಳಲ್ಲೂ ಉತ್ತರ ಎಷ್ಟು ನಿಲ್ಲುತ್ತದೆ ಎಂದು ತೋರಿಸುವುದು ನನ್ನ ಯೋಜನೆ. ಆದರೆ ಪರೀಕ್ಷೆಯ ದಿನಗಳಲ್ಲಿ ಕವಡೆ ಪ್ರತಿ ಸಲ ಒಂದೇ ರೀತಿ ಬೀಳುವಂತೆ ಕಟ್ಟಿಹಾಕುತ್ತೇವೆ, ನಮ್ಮ ಕೋಡಿನ ದೋಷ ಹಿಡಿಯುವುದಕ್ಕೆ. ಹಾಗೆ ಕಟ್ಟಿಹಾಕುವ ಅಂಕಿಗೆ ಸೀಡ್ ಎನ್ನುತ್ತಾರೆ. ನಿಜವಾದ ಓಟಕ್ಕೆ ಮುಂಚೆ ಫೈಲಿನಿಂದ ಆ ಅಂಕಿಯ ಸಾಲನ್ನು ತೆಗೆಯಬೇಕು.

ಭಾನುವಾರ ಬೆಳಗ್ಗೆ ಓನರಮ್ಮ ಅವರೆಕಾಳು ಉಪ್ಪಿಟ್ಟು ಕೊಟ್ಟು ಹೋದರು. ತಟ್ಟೆ ಪಕ್ಕಕ್ಕಿಟ್ಟು ಫೈಲನ್ನು ಮೂರು ಸಲ ಕಣ್ಣಲ್ಲೇ ಓದಿದೆ. ಫೋನ್ ಕೈಗೆತ್ತಿಕೊಂಡೆ, ಇಟ್ಟೆ. ಅವಳಿಲ್ಲದೆಯೂ ಆಗುತ್ತದೆ ಎಂದು ತೋರಿಸಬೇಕಿತ್ತು ನನಗೆ, ಅದೂ ಯಾರಿಗೋ ಏನೋ. ಹತ್ತು ಗಂಟೆಗೆ ಕಳಿಸಿದೆ.

ಸಂಜೆ ಆರಕ್ಕೆ ಉತ್ತರಗಳೆಲ್ಲ ಒಟ್ಟಿಗೆ ಬಂದವು. ಮೊದಲೆರಡು ಒಂದೇ ಥರ ಇದ್ದವು. ನಾಚಿಕೆ ಬಿಟ್ಟು ಹೇಳುತ್ತೇನೆ, ತಪ್ಪು ಬೇರೆಯಾದರೂ ಉತ್ತರ ನಿಂತಿತೆಂದು ನಾನು ಹಿಗ್ಗಿದೆ. ಮೂರನೆಯದೂ ಹಾಗೇ ಇರುವುದನ್ನು ನೋಡಿ ಉಳಿದವನ್ನು ಒಂದೊಂದಾಗಿ ತೆರೆದೆ. ಹತ್ತೂ ಉತ್ತರ ಕೊನೆಯ ಅಂಕಿಯವರೆಗೆ ಒಂದೇ. ಸೀಡ್ ಹದಿನೇಳನೆಯ ಸಾಲಿನಲ್ಲಿ ಆರಾಮಾಗಿ ಕೂತಿತ್ತು. ಒಂದೇ ತಪ್ಪನ್ನು ಹತ್ತು ಸಲ ಮಾಡಿಸಿ ಇಡೀ ದಿನ ಹಾಳು ಮಾಡಿದ್ದೆ.

ಸೋಮವಾರ ಮ್ಯಾನೇಜರಿಗೆ ಹೇಳಿದೆ. ಅವರು, "ಹತ್ತು ರನ್ ಆಗಿದೆ ಅಂತಾನೇ ಬರೆದ್ರೆ?" ಎಂದರು. "ಆಗಿರೋದು ಒಂದೇ ಸಾರ್" ಎಂದೆ. ಪ್ರಾಜೆಕ್ಟ್ ಮುಚ್ಚಿತು ಎನ್ನದೆ ಅವರಿಗೂ ಬೇರೆ ದಾರಿ ಇರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನ ಹಿಂದಿನ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತು ಅವಳಿಗೆ ಫೋನ್ ಮಾಡಿದೆ. ತಕ್ಷಣ ಎತ್ತಿದಳು. ಹಿಂದೆ ಲೇತ್‌ಗಳ ಕಿರುಚಾಟ.

"ಏನೇ, ಬದುಕಿದ್ದೀಯಾ?"

"ಒಂದು ಫೈಲ್ ಓದ್ಲಾ?"

ಏನು, ಯಾಕೆ ಎಂದು ಕೇಳಲಿಲ್ಲ. ಯಾವುದೋ ಬಾಗಿಲು ಹಾಕಿಕೊಂಡಳೇನೋ, ಸದ್ದು ತಗ್ಗಿತು. ಮೊದಲ ಸಾಲಿನಿಂದ ಓದತೊಡಗಿದೆ. ಎಷ್ಟೋ ದಿನದಿಂದ ಅಷ್ಟು ಹೊತ್ತು ಮಾತಾಡದ ದನಿ ನಡುಗುತ್ತಿತ್ತು. ಹದಿನೇಳನೆಯ ಸಾಲು ಮುಗಿಯುವುದಕ್ಕೂ ಬಿಡಲಿಲ್ಲ ಅವಳು.

"ತಡಿ. ಸೀಡ್ ಹಂಗೇ ಇದೆಯಲ್ಲೇ. ತೆಗಿ ಅದನ್ನ. ಇನ್ನೂ ಕಳಿಸಿಲ್ಲ ತಾನೇ?"

ಅಳು ಬಂದುಬಿಟ್ಟಿತು. "ಕಳಿಸ್ಬಿಟ್ಟೆ ಕಣೇ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಸರಿ," ಎಂದಳು. "ಮುಂದೆ ಓದು."

ಇನ್ನೂ ಇಪ್ಪತ್ತಮೂರು ಸಾಲು ಉಳಿದಿದ್ದವು. ಅಷ್ಟನ್ನೂ ಓದಿದೆ.