ದಾರಿಯಿಲ್ಲದ ಕೆರೆಗಳೂ ವಾರಿಜಕ್ಕನ ಎಡ ಮೊಣಕಾಲೂ

ಮೊನ್ನೆ ಇಲ್ಲಿ, ಇಂಗ್ಲೆಂಡಿನ ಬ್ರೂಮ್‌ಹಿಲ್‌ನ ಬಸ್‌ಸ್ಟಾಪಿನಲ್ಲಿ ನಿಂತು ಮಳೆಕೋಟಿನ ಜೇಬಿನಲ್ಲಿ ಬಸ್ ಪಾಸು ತಡಕುತ್ತಿದ್ದಾಗ ಬೆರಳಿಗೆ ಏನೋ ಮುರುಟಿದ್ದು ಸಿಕ್ಕಿತು. ತೆಗೆದು ನೋಡಿದರೆ ಬ್ರೇಕನ್ ಜರಿಗಿಡದ ಒಂದು ಎಲೆ. ಉಜ್ಜಿ ಮೂಸಿದೆ. ಹಸಿ ಬಾದಾಮಿಯಂಥ ಕಹಿ ವಾಸನೆ. ಮೂಸಿದ್ದೇ ತಡ ನನಗೆ ನಗು ಶುರುವಾಯಿತು, ಶುರುವಾದದ್ದು ನಿಲ್ಲಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು, ನೀವು ಹುಷಾರಾಗಿದ್ದೀರಾ ಎಂದು ಕೇಳಿದಳು. ಐವತ್ತರ ಹತ್ತಿರದ ಹೆಂಗಸೊಬ್ಬಳು ಒಣಗಿದ ಎಲೆಯನ್ನು ಮೂಗಿಗೆ ಹಿಡಿದುಕೊಂಡು ಒಬ್ಬಳೇ ನಗುತ್ತಿದ್ದರೆ ನೀವಾದರೂ ಕೇಳುತ್ತಿದ್ದಿರಿ. ಅವಳಿಗೆ ಹೇಳಲು ಬಸ್ಸು ಬರುವಷ್ಟು ಹೊತ್ತು ಸಾಲದು. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ಇದು ಹನ್ನೆರಡು ವರ್ಷದ ಹಿಂದೆ ಶುರುವಾದ ಕಥೆ. ನಾನು ಆಗ ಇಲ್ಲಿನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೆ, ವಾರಿಜಕ್ಕ ಮೇಲಿನ ಮಹಡಿಯ ವಾರ್ಡ್ ಸಿಸ್ಟರ್. ನಾನು ಮೈಸೂರಿನವಳು, ಅವರು ಕಾರ್ಕಳದ ಕಡೆಯವರು. ಅವರ ಪರಿಚಯವಾದದ್ದು ಒಂದು ಡ್ರಿಪ್ ಮೆಷಿನ್ನಿನಿಂದ. ಅದು ಸುಮ್ಮಸುಮ್ಮನೆ ಕೂಗಿಕೊಳ್ಳುತ್ತಿತ್ತು, ಅವರು ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಎಂತ ಆಯ್ತು ನಿಂಗೆ ಈಗ? ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ" ಎಂದು ಅಚ್ಚ ಕನ್ನಡದಲ್ಲಿ ಗದರುತ್ತಿದ್ದರು. ಮೆಷಿನ್ನು ತೆಪ್ಪಗಾಯಿತು. ನಾನು ಅಲ್ಲೇ ಅವರ ಶಿಷ್ಯಳಾದೆ.

ವಾರಿಜಕ್ಕನಿಗೆ ಒಂದು ಹುಚ್ಚಿತ್ತು. ತುಳುನಾಡಿನವರಿಗೆ ಆಷಾಢದ ಕೊನೆಗೆ ಬರುವ ಆಟಿ ತಿಂಗಳ ಅಮಾವಾಸ್ಯೆ ದೊಡ್ಡ ದಿನ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿದು, ಆಮೇಲೆ ಮೆಂತ್ಯದ ಗಂಜಿ ಉಣ್ಣುತ್ತಾರೆ. ಅನುಕೂಲವಿದ್ದವರು ಸಮುದ್ರಕ್ಕೋ ಬೆಟ್ಟದ ಮೇಲಿನ ಕೆರೆಗೋ ಹೋಗಿ ತೀರ್ಥಸ್ನಾನ ಮಾಡುತ್ತಾರೆ. ವಾರಿಜಕ್ಕನ ಊರಿನವರಿಗೆ ಬೆಟ್ಟದ ಕೆರೆಯೇ ಆಗಬೇಕು. ಇಂಗ್ಲೆಂಡಿಗೆ ಬಂದ ಮೊದಲ ವರ್ಷವೇ ಅವರು ಭೂಪಟ ಹರಡಿಕೊಂಡು ಕೂತರಂತೆ. ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳ ಮಡಿಲಲ್ಲಿ ಚಿಕ್ಕ ಚಿಕ್ಕ ಕೆರೆಗಳಿವೆ, ಅಲ್ಲಿನವರು ಟಾರ್ನ್ ಎನ್ನುತ್ತಾರೆ. ಕೆಲವಕ್ಕೆ ಕಲ್ಲು ಹಾಸಿದ ಕಾಲುದಾರಿ ಇದೆ. ವಾರಿಜಕ್ಕನಿಗೆ ಅವು ಬೇಡ.

"ದಾರಿ ಇದ್ದಲ್ಲಿ ಜನ ಇರ್ತಾರೆ. ಜನ ಇದ್ದಲ್ಲಿ ನಾಯಿ ಇರ್ತದೆ. ನಾಯಿ ಹಾರಿದ ನೀರಲ್ಲಿ ಎಂತ ತೀರ್ಥ ಮಾರಾಯ್ತಿ?"

ಹಾಗಾಗಿ ಭೂಪಟದಲ್ಲಿ ನೀಲಿ ಚುಕ್ಕೆ ಇರಬೇಕು, ಅದಕ್ಕೆ ಹೋಗುವ ಕಾಲುದಾರಿಯ ಚುಕ್ಕೆಗೆರೆ ಇರಬಾರದು. ಅಂಥ ಕೆರೆಗಳಿಗೆ ಹೋಗಲು ಅವರದೇ ಶಾಸ್ತ್ರವಿತ್ತು. ಹಳ್ಳ ಹಿಡಿದು ಏರಬೇಕು, ಯಾಕೆಂದರೆ ಹಳ್ಳ ಕೆರೆಯಿಂದಲೇ ಬರುತ್ತದೆ. ಹಳ್ಳ ಮಾಯವಾದರೆ ಕುರಿ ನಡೆದ ಜಾಡು. ಕುರಿಯೂ ಕೈಕೊಟ್ಟರೆ ದಿಕ್ಸೂಚಿ. ಬ್ರೇಕನ್ ಪೊದೆ ಎದೆಯೆತ್ತರ ಬೆಳೆದಲ್ಲಿ ಕೈಗಳನ್ನು ತಲೆಯ ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ ನುಗ್ಗಬೇಕು. ಹಸಿರು ತೀರಾ ಚೆಂದ ಕಂಡಲ್ಲಿ ಕಾಲಿಡಬಾರದು, ಕೆಳಗೆ ಕೆಸರು. ಮನೆಗೆ ಬಂದ ಮೇಲೆ ಮೊಣಕಾಲ ಹಿಂದೆ ಉಣ್ಣಿ ಕಚ್ಚಿದೆಯಾ ಎಂದು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಕೆರೆ ಮುಟ್ಟಿದ ಮೇಲೆ ಬಂಡೆಯ ಮರೆಯಲ್ಲಿ ಮಂಗಳೂರಿನಿಂದ ತರಿಸಿದ ಹೂವಿನ ಚಿತ್ತಾರದ ನೈಟಿ ಹಾಕಿಕೊಂಡು ಮೂರು ಸಲ ತಲೆ ಮುಳುಗಿಸಬೇಕು. ಗಾಳಿಗೆ ನೈಟಿ ಪಟಪಟ ಎನ್ನುತ್ತಿದ್ದರೆ ಕುರಿಗಳು ಮೇಯುವುದು ಬಿಟ್ಟು ನೋಡುತ್ತಿದ್ದವು.

ನಾಲ್ಕು ವರ್ಷ ನಾನು ಜೊತೆಗೆ ಹೋಗಿದ್ದೆ, ನೀರಿಗೆ ಮಾತ್ರ ಇಳಿದಿರಲಿಲ್ಲ. ನಾನು ಸ್ನಾನಕ್ಕೆ ಹಂಡೆ ನೀರು ಕುದಿಸಿಕೊಂಡು ಬೆಳೆದವಳು. ದಡದಲ್ಲಿ ಎರಡು ಸ್ವೆಟರಿನೊಳಗೆ ಸೇರಿಕೊಂಡು, "ಆಯ್ತಾ ಅಕ್ಕ? ನೋಡಿದ್ರೇನೇ ನಂಗೆ ಚಳಿ ಆಗ್ತಿದೆ" ಎನ್ನುವುದಷ್ಟೇ ನನ್ನ ಕೆಲಸ.

ಐದನೆಯ ವರ್ಷ ವಾರಿಜಕ್ಕನ ಎಡ ಮೊಣಕಾಲು ಕೆಟ್ಟಿತು. ಚಿಪ್ಪು ಬದಲಿಸುವ ಆಪರೇಷನ್ ಎಂದಾಯಿತು, ದಿನವೂ ಗೊತ್ತಾಯಿತು. ಕ್ಯಾಲೆಂಡರ್ ನೋಡಿದರೆ ಆಟಿ ಅಮಾವಾಸ್ಯೆಯಾದ ಮೂರನೆಯ ದಿನ. ಹದಿನೆಂಟು ವರ್ಷದಲ್ಲಿ ಒಂದು ವರ್ಷವೂ ತಪ್ಪದ ಸ್ನಾನ ಅದು. ಈ ಸಲ ಬಿಡಿ ಅಕ್ಕ ಎಂದೆ.

"ಈ ಸಲವೇ ಬಿಡಲಿಕ್ಕೆ ಆಗುದಿಲ್ಲ" ಎಂದರು. ಮೊಣಕಾಲು ನೀವಿಕೊಂಡು, "ಆದ್ರೆ ಸುಮ್ಮನೆ ತಿರುಗುವಷ್ಟು ಕಾಲಿಲ್ಲ ನನಗೆ. ನೆಟ್ಟಗೆ ಕರ್ಕೊಂಡು ಹೋಗುವವರು ಬೇಕು" ಎಂದೂ ಸೇರಿಸಿದರು.

ಆ ವರ್ಷವೇ ನಾನು ಒಂದು ಶನಿವಾರದ ಮಟ್ಟಿಗೆ ಭೂಪಟ ಮತ್ತು ದಿಕ್ಸೂಚಿಯ ತರಗತಿಗೆ ಹೋಗಿ ಬಂದಿದ್ದೆ. ಒಂದೇ ಶನಿವಾರ, ಅದರಲ್ಲೂ ಊಟದ ನಂತರ ತೂಕಡಿಸಿದ್ದೆ. ಆದರೆ ನನ್ನ ಜಂಬ ನೋಡಬೇಕಿತ್ತು ನೀವು. ನಾನು ಕರೆದುಕೊಂಡು ಹೋಗುತ್ತೇನೆ, ಒಂದು ಹೆಜ್ಜೆಯೂ ದಂಡವಾಗದಂತೆ, ಎಂದು ಮಾತು ಕೊಟ್ಟೆ. ಹೊರಟ ದಿನ ಫೋನನ್ನೂ ಬೇಕೆಂದೇ ಕಾರಿನಲ್ಲಿ ಬಿಟ್ಟೆ. ದಿಕ್ಸೂಚಿ ಬಲ್ಲವಳಿಗೆ ಫೋನು ಯಾತಕ್ಕೆ?

ಗೋಡೆ ದಾಟಿ ಹಳ್ಳ ಹಿಡಿದೆವು. ಅರ್ಧ ಗಂಟೆಯಲ್ಲಿ ಹಳ್ಳ ಬಂಡೆಗಳ ಅಡಿಗೆ ಹೋಯಿತು, ಬೆಟ್ಟದ ಮೇಲಿಂದ ಮಂಜು ಇಳಿಯಿತು. ನಾನು ಎಡ ಅಂಗೈಯಲ್ಲಿ ದಿಕ್ಸೂಚಿ ಇಟ್ಟುಕೊಂಡು, ಬಲಗೈಯಲ್ಲಿ ಭೂಪಟ ಹಿಡಿದು, "ಈ ಕಡೆ ಅಕ್ಕ" ಎಂದೆ. ಬ್ರೇಕನ್ ನಮ್ಮನ್ನು ನುಂಗಿತು. ಒದ್ದೆ ಎಲೆ ಮುಖಕ್ಕೆ, ಕಿವಿಗೆ, ಬಾಯಿಗೆ. ವಾರಿಜಕ್ಕ ಎರಡು ಕೋಲೂರಿಕೊಂಡು ಹಿಂದೆ ಬರುತ್ತಿದ್ದರು, ಒಂದೊಂದು ಹೆಜ್ಜೆಗೂ ಹೂಂ ಎಂದು ನರಳುತ್ತಿದ್ದರು. ನಾನು ಪ್ರತಿ ಹತ್ತು ನಿಮಿಷಕ್ಕೆ ನಿಂತು, ಅಂಗೈ ನೋಡಿ, ಮಹಾ ಪಂಡಿತಳಂತೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಒಂದು ಗಂಟೆಯಲ್ಲಿ ಸಿಗಬೇಕಾದ ಕೆರೆ ಎರಡು ಗಂಟೆಯಾದರೂ ಸಿಗಲಿಲ್ಲ.

"ಅಕ್ಕ, ಇದನ್ನ ಒಂದ್ನಿಮಿಷ ಹಿಡ್ಕೊಳ್ಳಿ" ಎಂದು ದಿಕ್ಸೂಚಿಯನ್ನು ಅವರ ಕೈಗೆ ಕೊಟ್ಟು ನೀರಿನ ಬಾಟಲಿ ತೆಗೆಯಲು ಬಾಗಿದೆ.

"ಇದೆಂತ ಇದು, ಮುಳ್ಳು ತಿರುಗಿತಲ್ಲ" ಎಂದರು ವಾರಿಜಕ್ಕ. "ನಿನ್ನ ಕೈಯಲ್ಲಿ ಉತ್ತರ ಆಚೆ ಇತ್ತು. ನನ್ನ ಕೈಯಲ್ಲಿ ಈಚೆ ಉಂಟು."

ಮತ್ತೆ ಇಸಿದುಕೊಂಡೆ. ಮುಳ್ಳು ಓಡಿಬಂದು ನನ್ನ ಮಣಿಕಟ್ಟಿನ ಕಡೆ ನಿಂತಿತು. ಮಣಿಕಟ್ಟಿನಲ್ಲಿ ಏನಿತ್ತು ಗೊತ್ತೇ? ಅಮ್ಮ ಮೈಸೂರಿನಿಂದ ಕಳಿಸಿದ ಮ್ಯಾಗ್ನೆಟಿಕ್ ಬಳೆ. ಬಿ.ಪಿ. ಇಳಿಯುತ್ತದೆ ಎಂದು ಅವಳ ಯೋಗದ ಕ್ಲಾಸಿನವರೆಲ್ಲ ಕೊಂಡದ್ದು. ದಿನವಿಡೀ ಜನರಿಗೆ ಬಿ.ಪಿ. ಮಾತ್ರೆ ಎಣಿಸಿ ಕೊಡುವ ನಾನು ಆ ಬಳೆಯನ್ನು ನಂಬುತ್ತಿರಲಿಲ್ಲ. ಆದರೆ ವಿಡಿಯೋ ಕಾಲಿನಲ್ಲಿ ಅಮ್ಮ ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಕೈಯನ್ನು. ತೆಗೆದಿಟ್ಟು ಮರೆತುಬಿಟ್ಟರೆ ರಾಮಾಯಣ, ಹಾಗಾಗಿ ತೆಗೆಯುವುದನ್ನೇ ಬಿಟ್ಟಿದ್ದೆ. ಎರಡು ಗಂಟೆ ನಾವು ನಡೆದದ್ದು ಅಮ್ಮನ ಬಳೆ ತೋರಿದ ಉತ್ತರವನ್ನು ನಂಬಿಕೊಂಡು.

ಹೇಳಿದೆ. ಬೈಗುಳಕ್ಕೆ ತಯಾರಾಗಿ ನಿಂತೆ. ವಾರಿಜಕ್ಕ ಬಳೆಯನ್ನು ನೋಡಿದರು, ನನ್ನನ್ನು ನೋಡಿದರು.

"ಬಿ.ಪಿ. ಇಳಿದಿದೆಯಾ ಈಗ?" ಎಂದರು.

ಅಲ್ಲಿಗೆ ಮುಗಿಯಿತು. ಇಬ್ಬರೂ ಬ್ರೇಕನ್ ಒಳಗೆ ಕುಕ್ಕರಿಸಿ ಕೂತು, ಪಕ್ಕೆ ನೋಯುವಷ್ಟು ನಕ್ಕೆವು.

ನಕ್ಕು ಸುಸ್ತಾಗುವ ಹೊತ್ತಿಗೆ ಮಂಜು ಸ್ವಲ್ಪ ಹರಿದಿತ್ತು. ಭೂಪಟ ತಿರುಗಿಸಿ ನೋಡಿದೆ. ನಮ್ಮ ಕೆರೆ ಬೆನ್ನ ಹಿಂದಿನ ಗುಡ್ಡದ ಏಣಿನ ಆಚೆ ಉಳಿದಿತ್ತು, ಇನ್ನೂ ಎರಡು ಗಂಟೆಯ ಏರು. ಆದರೆ ನಮ್ಮ ಕಾಲ ಕೆಳಗೆ, ಬಂಡೆಗಳ ನಡುವೆ, ಒಂದು ಸಣ್ಣ ನೀರು ಹೊಳೆಯುತ್ತಿತ್ತು. ಭೂಪಟದಲ್ಲಿ ಅದಕ್ಕೆ ಹೆಸರಿಲ್ಲ. ಬೆಟ್ಟದ ಮೇಲಿದೆ, ದಾರಿಯಿಲ್ಲ, ನಾಯಿಯಿಲ್ಲ. ಆಗುತ್ತದೆ ಎಂದರು ವಾರಿಜಕ್ಕ. ಎದ್ದು ಒಂದು ಹೆಜ್ಜೆ ಇಟ್ಟರು. ಮೊಣಕಾಲು ಹಿಡಿದುಕೊಂಡಿತು. ನೀರಿಗೆ ಇಳಿಯಲು ಇದ್ದದ್ದು ಎರಡಾಳೆತ್ತರದ ಜಾರುಗಲ್ಲು. ಮೂರು ಸಲ ಪ್ರಯತ್ನಿಸಿ ಕೂತುಬಿಟ್ಟರು.

ಆಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಎಷ್ಟು ಜನರನ್ನು ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗಿದ್ದೇನೆ ನಾನು. ಎಲ್ಲರಿಗೂ ಹೆದರಬೇಡಿ ಹೇಳ್ತೇನೆ. ನನಗೆ ಮಾತ್ರ ಹೆದರಿಕೆ ಆಗ್ತದೆ. ಕಣ್ಣು ಮುಚ್ಚಿದ ಮೇಲೆ ತೆರೆಯದಿದ್ರೆ? ಇದೊಂದು ಮುಗಿಸಿ ಹೋದ್ರೆ ಧೈರ್ಯ ಅಂತ ಇತ್ತು."

ಡ್ರಿಪ್ ಮೆಷಿನ್ನನ್ನೇ ಗದರಿಸಿದ ಹೆಂಗಸು. ನನ್ನ ತಪ್ಪಿನಿಂದ ಆ ಕಾಲು ಎರಡು ಗಂಟೆ ದಂಡಕ್ಕೆ ನಡೆದಿತ್ತು.

"ನಿಮ್ಮ ಹೆಸರಲ್ಲಿ ನಾನು ಮುಳುಗಿದ್ರೆ ನಡೆಯತ್ತಾ?" ಎಂದೆ.

ಅವರು ತಲೆಯೆತ್ತಿದರು. ಬರಲಾಗದವರ ಹೆಸರು ಹೇಳಿ ಮುಳುಗುವುದು ಊರಲ್ಲಿ ಇದ್ದದ್ದೇ. ಆದರೆ ನಾನು? "ನೀನಾ?" ಎಂದರು, ಆ ಎರಡಕ್ಷರದಲ್ಲಿ ನಾಲ್ಕು ವರ್ಷದ ಸ್ವೆಟರುಗಳೆಲ್ಲ ಇದ್ದವು.

ನನಗೆ ಬದಲಿ ಬಟ್ಟೆ ಇರಲಿಲ್ಲ. ಅವರ ನೈಟಿಯನ್ನೇ ಹಾಕಿಕೊಂಡೆ. ಅದರಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು. ಕುಂಡೆ ಊರಿಕೊಂಡು ಜಾರುಗಲ್ಲು ಇಳಿದು, ನೀರಿಗೆ ಕಾಲಿಟ್ಟೆ. ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಸೊಂಟದವರೆಗೆ ಹೋದಾಗ ನೈಟಿಯೊಳಗೆ ಗಾಳಿ ತುಂಬಿ ಸುತ್ತಲೂ ಪೂರಿಯಂತೆ ಉಬ್ಬಿತು. ಮುಳುಗಲು ಹೋದರೆ ಅದೇ ಮೇಲಕ್ಕೆತ್ತುತ್ತಿತ್ತು.

"ಗಾಳಿ ಒತ್ತಿ ತೆಗಿ ಮೊದಲು" ಎಂದು ಮೇಲಿಂದ ಅಪ್ಪಣೆಯಾಯಿತು. "ಹೆಸರು ಹೇಳಿ ಮುಳುಗು. ಎಡ ಮೊಣಕಾಲು ಅಂತ ಸರಿಯಾಗಿ ಹೇಳು. ಆಮೇಲೆ ಅವರು ಬಲದ್ದು ಕೊಯ್ಯುವುದು ಬೇಡ."

ವಾರಿಜಕ್ಕ, ಎಡ ಮೊಣಕಾಲು ಎಂದು ಹೇಳಿ ಮುಳುಗಿದೆ. ತಲೆಗೆ ಯಾರೋ ಒನಕೆಯಿಂದ ಹೊಡೆದಂತಾಯಿತು. ಎರಡನೆಯ ಸಲ ಹೆಸರು ಪೂರ್ತಿ ಬಾಯಿಂದ ಹೊರಡಲಿಲ್ಲ, ಹಲ್ಲುಗಳು ಕಟಕಟಿಸುತ್ತಿದ್ದವು. ಮೂರನೆಯ ಸಲ ಮೇಲೆ ಬಂದಾಗ "ಜುಟ್ಟು ಮುಳುಗಲಿಲ್ಲ, ಅದು ಲೆಕ್ಕಕ್ಕಿಲ್ಲ" ಎಂದರು. ಮತ್ತೊಮ್ಮೆ ಮುಳುಗಿದೆ. ಎದ್ದು ನೋಡಿದರೆ ಮೇಲೆ ಬಂಡೆಯ ಅಂಚಿನಲ್ಲಿ ವಾರಿಜಕ್ಕ ಕೈಮುಗಿದು ಕೂತಿದ್ದರು, ಕಣ್ಣಿಂದ ನೀರು ಸುರಿಯುತ್ತಿತ್ತು, ನಗುತ್ತಲೂ ಇದ್ದರು.

ಇಳಿಯುವಾಗ ಬ್ರೇಕನ್ ಮೇಲೆ ನನ್ನ ಮಳೆಕೋಟು ಹಾಸಿ, ಅದರಲ್ಲಿ ಅವರನ್ನು ಕೂರಿಸಿ, ತುದಿ ಹಿಡಿದು ಎಳೆದುಕೊಂಡು ಬಂದೆ. ನಡುವೆ ಒಂದು ಕಡೆ ಅವರೇ ನನ್ನನ್ನು ದಾಟಿ ಜಾರಿಕೊಂಡು ಮುಂದೆ ಹೋದರು. ಮೂರನೆಯ ದಿನ ಸಂಜೆ ನಾನು ಫಾರ್ಮಸಿಯಲ್ಲಿ ಯಾವ ಮಾತ್ರೆ ಯಾವ ಡಬ್ಬಿಗೆ ಎಂದು ತಿಳಿಯದೆ ಒಂದೇ ಚೀಟಿಯನ್ನು ಐದು ಸಲ ಓದುತ್ತಿದ್ದೆ. ಫೋನು ಬಂತು. "ಎದ್ದೆ. ಎಡದ್ದೇ ಮಾಡಿದ್ದಾರೆ" ಎಂದಷ್ಟೇ ಹೇಳಿ ಇಟ್ಟರು.

ಆಮೇಲೆ ಬಲಗಾಲಿಗೂ ಹೊಸ ಚಿಪ್ಪು ಬಂತು. ಈಗ ನಿವೃತ್ತರಾಗಿ ಹಡರ್ಸ್‌ಫೀಲ್ಡ್‌ನಲ್ಲಿ ಮಗಳ ಮನೆಯ ಹತ್ತಿರ ಇದ್ದಾರೆ, ಬೆಟ್ಟದಲ್ಲಿ ನನಗಿಂತ ಮುಂದೆ ಹೋಗುತ್ತಾರೆ. ಆದರೆ ಅಂದಿನಿಂದ ನೀರಿಗೆ ಇಳಿದಿರಲಿಲ್ಲ. ನೀನಿದ್ದೀಯಲ್ಲ, ಎಂದು ದಡದಲ್ಲಿ ಕೂತು ಗಂಜಿ ಕುಡಿಯುತ್ತ ಪಟ್ಟಿ ಓದುತ್ತಿದ್ದರು. ಪಟ್ಟಿ ವರ್ಷವರ್ಷ ಬೆಳೆಯಿತು: ಮಗಳ ಮನೆಸಾಲದ ಮಾರ್ಟ್‌ಗೇಜು, ಮೊಮ್ಮಗಳ ಡ್ರೈವಿಂಗ್ ಟೆಸ್ಟು, ನಮ್ಮಮ್ಮನ ಬಿ.ಪಿ. ನಾನು ಒಂದೊಂದಕ್ಕೂ ಮೂರು ಸಲದಂತೆ ಮುಳುಗುತ್ತಿದ್ದೆ. ಹೊಸ ಚಿಪ್ಪಿಗೆ ಜಾರುಗಲ್ಲಿನ ಭಯ ಎಂದು ನನಗೆ ಗೊತ್ತಿತ್ತು, ಕೇಳಿರಲಿಲ್ಲ.

ಹೋದ ವಾರ ಮತ್ತೆ ಆಟಿ ಅಮಾವಾಸ್ಯೆ. ಬ್ರೇಕನ್ ಸೀಳಿಕೊಂಡು ಹೋಗಿ ಹೊಸದೊಂದು ಕೆರೆ ಮುಟ್ಟಿದೆವು. ಬಿಸಿಲಿತ್ತು, ನೀರು ತಳ ಕಾಣುವಷ್ಟು ತಿಳಿ. ಪಟ್ಟಿ ಮುಗಿಯಿತು. "ಆಯ್ತು, ಬಾ ಮೇಲೆ" ಎಂದರು. ನಾನು ಹೋಗಲಿಲ್ಲ. ಉಸಿರು ಕಟ್ಟಿ ಇನ್ನೊಮ್ಮೆ ಮುಳುಗಿದೆ, ಅಲ್ಲೇ ಒಂದು ಪಲ್ಟಿ ಹೊಡೆದೆ.

"ಇದು ಯಾರ ಹೆಸರಲ್ಲಿ?" ಎಂದರು.

"ಯಾರ ಹೆಸರಲ್ಲೂ ಇಲ್ಲ ಅಕ್ಕ. ಸುಮ್ನೆ. ತುಂಬ ಚೆನ್ನಾಗಿದೆ."

ವಾರಿಜಕ್ಕ ಪಟ್ಟಿಯನ್ನು ಮಡಚಿ ಕಲ್ಲಿನ ಕೆಳಗಿಟ್ಟರು. ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು. "ಕೈ ಕೊಡು" ಎಂದರು. ಎರಡು ಹೊಸ ಮೊಣಕಾಲುಗಳು ಕಲ್ಲಿಂದ ಕಲ್ಲಿಗೆ ಮೆಲ್ಲಗೆ ಇಳಿದವು. ನೀರು ಸೊಂಟಕ್ಕೆ ಬಂದಾಗ ಅವರು ಹಾಕಿದ ಕೂಗಿಗೆ ಆಚೆ ದಡದ ಕುರಿಗಳೆಲ್ಲ ಎದ್ದು ಓಡಿದವು. ಎಷ್ಟು ಸಲ ಮುಳುಗಿದೆವೋ ಇಬ್ಬರೂ ಎಣಿಸಲಿಲ್ಲ.

ಇವತ್ತು ಬೆಳಿಗ್ಗೆ ಫೋನಿನಲ್ಲಿ ಆ ಕಡೆಯಿಂದ ಅವರು ಸೀನಿದರು, ಈ ಕಡೆಯಿಂದ ನಾನು ಸೀನಿದೆ. ನಾನು ಏನನ್ನೂ ಕೇಳುವ ಮೊದಲೇ ಅವರು ಮೂಗು ಒರೆಸಿಕೊಂಡು ಹೇಳಿದರು:

"ಅಮಾವಾಸ್ಯೆಗೆ ಒಂದು ವರ್ಷ ಯಾರು ಕಾಯ್ತಾರೆ ಮಾರಾಯ್ತಿ. ಈ ಭಾನುವಾರ ನಿನಗೆ ರಜೆ ಉಂಟಾ?"